ಮಳೆಗೆ ಮುಂಚಿನ ಮಿಸ್ ಕಾಲ್

ವಸಂತ ಬಂತು ಎಂದರೆ ಬೇರೆಯವರಿಗೆ ಚಿಗುರು, ಹೂವು, ತಂಗಾಳಿ ಇತ್ಯಾದಿ ನೆನಪಾಗಬಹುದು. ನನಗೆ ನೆನಪಾಗುವುದು ಒಣಗದ ಬೆಡ್‌ಶೀಟ್. ಬೆಳಗ್ಗೆ ಹತ್ತಕ್ಕೆ ಕಣ್ಣು ಬಿಡಲಾಗದ ಬಿಸಿಲು, ಹನ್ನೆರಡಕ್ಕೆ ಮೈಗೆ ಅಂಟುವ ಸೆಕೆ, ಮೂರಕ್ಕೆ ಎಲ್ಲಿಂದಲೋ ಒಂದು ಕರಿಮೋಡ, ಮೂರೂವರೆಗೆ ಗುಡುಗು. ಆಕಾಶ ನಂಬಿ ಬಟ್ಟೆ ಹರವಿದವರ ಕಥೆ ಮುಗಿಯಿತು.

ನನ್ನದು ಲಾಂಡ್ರಿ. ಊರಿನ ದೊಡ್ಡಾಸ್ಪತ್ರೆಯ ಬೆಡ್‌ಶೀಟ್, ದಿಂಬಿನ ಕವರ್, ಡಾಕ್ಟರ ಕೋಟು ಎಲ್ಲ ನಮ್ಮಲ್ಲಿಗೇ ಬರುತ್ತವೆ. ಕೆಳಗೆ ಮಷೀನುಗಳು, ಮೇಲೆ ತಾರಸಿಯಲ್ಲಿ ಹನ್ನೊಂದು ಸಾಲು ತಂತಿ, ಮೂಲೆಯಲ್ಲಿ ತಗಡಿನ ಶೀಟು ಹೊದಿಸಿದ ಒಂದು ಮಾಡು. ಅದರ ಕೆಳಗೆ ಇಸ್ತ್ರಿಯವನ ಮೇಜು. ದಿನಕ್ಕೆ ಇನ್ನೂರು ಬೆಡ್‌ಶೀಟ್ ಒಣಗಬೇಕು. ಒಂದು ಹನಿ ಬಿದ್ದರೂ ಆಸ್ಪತ್ರೆಯವರು ಮುಟ್ಟುವುದಿಲ್ಲ, ಮತ್ತೆ ಬಿಸಿನೀರಿನಿಂದ ಶುರುಮಾಡಬೇಕು. ಬೇರೆಯವರ ಬಟ್ಟೆಯೊಡನೆ ಬೆರೆಯದಿರಲೆಂದು ಪ್ರತಿಯೊಂದರ ಮೂಲೆಯಲ್ಲೂ ಕೆಂಪು ದಾರದಲ್ಲಿ ಒಂದು ಅಡ್ಡಗೆರೆ ಹೊಲಿಯುತ್ತೇನೆ. ಆ ಗೆರೆ ನನ್ನ ಕೈಯದು, ಕತ್ತಲಲ್ಲಿ ಮುಟ್ಟಿದರೂ ಗುರುತು ಹಿಡಿಯುತ್ತೇನೆ.

ನನ್ನ ಅಣ್ಣ ಇದ್ದದ್ದು ಹವಾಮಾನ ಕಚೇರಿಯಲ್ಲಿ. ಊರಾಚೆ ದಿಬ್ಬದ ಮೇಲೆ ಎರಡು ಕೋಣೆಯ ಕಟ್ಟಡ, ಮುಂದೆ ಬೇಲಿ ಹಾಕಿದ ಅಂಗಳ, ಅದರಲ್ಲಿ ಮಳೆ ಅಳೆಯುವ ಡಬ್ಬಿ, ಗಾಳಿ ಅಳೆಯುವ ಬಟ್ಟಲುಗಳು. ಮಧ್ಯಾಹ್ನ ಬದಲಿಯವನು ಬರುವವರೆಗೆ ಅವನೊಬ್ಬನೇ. ವಸಂತದಲ್ಲಿ ಅವನು ದಿನಾ ಬರೆದು ಕಳಿಸುತ್ತಿದ್ದದ್ದು ಒಂದೇ ಸಾಲು: 'ಸಂಜೆ ವೇಳೆಗೆ ಒಂದೆರಡು ಕಡೆ ಗುಡುಗು ಸಹಿತ ಮಳೆಯಾಗುವ ಸಾಧ್ಯತೆ.' ಊರವರು ಅವನಿಗೆ 'ಒಂದೆರಡು ಕಡೆ' ಎಂದೇ ಹೆಸರಿಟ್ಟಿದ್ದರು. ಅಂಗಡಿಗೆ ಹೋದರೆ, "ಸಾರ್, ಆ ಒಂದೆರಡು ಕಡೆ ಯಾವುದು ಅಂತ ಇವತ್ತಾದ್ರೂ ಹೇಳ್ಬಿಡಿ" ಎನ್ನುತ್ತಿದ್ದರು. ಅವನು ನಕ್ಕು, "ಒಂದು ನಿಮ್ಮ ಅಂಗಡಿ, ಇನ್ನೊಂದು ನನ್ನ ತಂಗಿ ತಾರಸಿ" ಎನ್ನುತ್ತಿದ್ದ.

ನನಗೂ ಒಂದು ಹೆಸರಿಟ್ಟಿದ್ದ, ಗುಡುಗಮ್ಮ ಎಂದು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳೇಕೆ ಹೇಳಲಿ. ದಿನಾ ಹನ್ನೊಂದಕ್ಕೆ ಫೋನ್ ಮಾಡಿ, "ಗುಡುಗಮ್ಮಾ, ಎರಡು ಗಂಟೆ ಒಳಗೆ ಎಲ್ಲಾ ಎತ್ತಿಬಿಡು, ಪಶ್ಚಿಮದಲ್ಲಿ ನಿನ್ನ ಜಾತಿಯವರು ಸೇರ್ತಿದಾರೆ" ಎನ್ನುತ್ತಿದ್ದ. ನಾನು ಅವನ ಕಚೇರಿಗೂ ಅವನ ಬಟ್ಟಲುಗಳಿಗೂ ಸೇರಿಸಿ ನಾಲ್ಕು ಬೈದು ಫೋನ್ ಇಡುತ್ತಿದ್ದೆ. ಮಳೆ ಅವನು ಹೇಳಿದ ಹೊತ್ತಿಗೇ ಬರುತ್ತಿತ್ತು.

ಇದೆಲ್ಲ ಹೋದ ವಸಂತದವರೆಗೆ.

ಅಮ್ಮ ಇದ್ದದ್ದು ನನ್ನ ಮನೆಯಲ್ಲಿ. ಆ ಮಧ್ಯಾಹ್ನ ಅವಳಿಗೆ ಉಸಿರು ಮೇಲೆ ಕೆಳಗೆ ಆಗತೊಡಗಿತು. ಹೊರಗೆ ಆಕಾಶ ಹರಿದು ಬೀಳುವಂಥ ಬಿರುಗಾಳಿ. ಅಮ್ಮ ಅಣ್ಣನ ಹೆಸರು ಹಿಡಿದು ಕರೆದಳು. ನಾನು ಫೋನ್ ಮಾಡಿದೆ.

"ಈಗ ಬಿಟ್ಟು ಬಂದ್ರೆ ಇಲ್ಲಿ ಯಾರೂ ಇಲ್ಲ ಕಣೇ. ಶಾಲೆಗಳಿಗೆ, ಕರೆಂಟಿನವರಿಗೆ ಎಲ್ಲಾ ಹೇಳ್ತಾ ಇರಬೇಕು. ಬದಲಿ ಬರೋನು ದಾರೀಲಿ ಮರ ಬಿದ್ದು ಸಿಕ್ಕಾಕೊಂಡಿದಾನೆ. ಒಂದು ಗಂಟೆ ತಡಿ."

"ಅಮ್ಮನಿಗೆ ಹೇಳ್ಲಾ, ತಡಿ ಅಂತ?" ಎಂದು ಕಿರುಚಿದೆ.

ಅಮ್ಮ ಮೂರು ಸಲ ಕರೆದಳು. ನಾಲ್ಕನೆಯದಕ್ಕೆ ಅವಳಲ್ಲಿ ಶಕ್ತಿ ಇರಲಿಲ್ಲ. ಅಣ್ಣ ಬಂದಾಗ ಮಳೆ ನಿಂತಿತ್ತು, ಅವನ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅಮ್ಮ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ಬಾಗಿಲಲ್ಲೇ ಅವನನ್ನು ತಡೆದೆ. ನೆಂಟರೆಲ್ಲ ನೋಡುತ್ತಿದ್ದಂತೆ, "ನಿನಗೆ ಮೋಡ ಹೆಚ್ಚು, ಅಮ್ಮ ಅಲ್ಲ. ಇನ್ನು ನಿನ್ನ ದನಿ ನನ್ನ ಕಿವಿಗೆ ಬೀಳಬಾರದು" ಎಂದೆ.

ಬೇರೆ ಯಾರಾದರೂ ಆಗಿದ್ದರೆ ಎದುರು ಮಾತಾಡುತ್ತಿದ್ದರು, ಇಲ್ಲ ನಾಲ್ಕು ದಿನ ಬಿಟ್ಟು ಬಂದು ಸಮಾಧಾನ ಮಾಡುತ್ತಿದ್ದರು. ನಮ್ಮಣ್ಣ ಸರ್ಕಾರಿ ನೌಕರ, ಹೇಳಿದ್ದನ್ನು ಅಕ್ಷರಶಃ ಪಾಲಿಸುವ ಪ್ರಾಣಿ. ಅವತ್ತಿನಿಂದ ಒಂದು ಮಾತಿಲ್ಲ. ನಾನೂ ಬಿಗಿದುಕೊಂಡೇ ಕೂತೆ.

ಎರಡು ವಾರ ಕಳೆದಿತ್ತು. ನನ್ನ ಕೈ ಯಾವಾಗಲೂ ಒದ್ದೆ, ಅದಕ್ಕೇ ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಸ್ತ್ರಿ ಮೇಜಿನ ಪಕ್ಕದ ಮೊಳೆಗೆ ನೇತುಹಾಕಿರುತ್ತೇನೆ. ಅವತ್ತು ಅದರ ರಿಂಗ್ ಒಂದು ಸಲ ಬಡಿದು ಕಟ್ಟಾಯಿತು. ನೋಡಿದರೆ 'ಅಣ್ಣ'. ಕೈತಪ್ಪಿ ಒತ್ತಿರಬೇಕು ಎಂದುಕೊಂಡೆ. ನಲವತ್ತು ನಿಮಿಷಕ್ಕೆ ಗುಡುಗು, ಹಿಂದೆಯೇ ಧೋ ಎಂದು ಮಳೆ. ಇನ್ನೂರು ಬೆಡ್‌ಶೀಟೂ ನೆಂದು ತೊಪ್ಪೆ. ಮೂರು ದಿನ ಬಿಟ್ಟು ಮತ್ತೆ ಒಂದು ಸಲ ಬಡಿದು ಕಟ್ಟಾಯಿತು, ಮತ್ತೆ ಮಳೆ. ಆಗ ಹೊಳೆಯಿತು. ದನಿ ಕಿವಿಗೆ ಬೀಳಬಾರದು ಎಂದಿದ್ದೆ, ಫೋನ್ ಬಡಿಯಬಾರದು ಎಂದಿರಲಿಲ್ಲವಲ್ಲ.

ಹೀಗೆ ಹದಿನಾಲ್ಕು ತಿಂಗಳು ನಡೆಯಿತು. ಒಂದು ಸಲ ಬಡಿದರೆ ಮಳೆ, ಬಡಿಯದಿದ್ದರೆ ಒಣ. ಯಾರೂ ಒಪ್ಪಂದ ಮಾಡಿಕೊಂಡದ್ದಲ್ಲ. ನಾನು ಒಮ್ಮೆಯೂ ಎತ್ತಲಿಲ್ಲ, ಅವನು ಎರಡನೇ ಸಲ ಬಡಿಯಲು ಬಿಡಲಿಲ್ಲ.

ಇಸ್ತ್ರಿಯವನಿಗೆ ಇದೊಂದು ತಮಾಷೆ. "ಅಕ್ಕಾ, ಅಣ್ಣಾವ್ರ ಮಿಸ್ ಕಾಲ್!" ಎಂದು ಕೂಗುತ್ತಿದ್ದ.

"ಯಾರ ಅಣ್ಣ? ಬಾಯಿ ಮುಚ್ಕೊಂಡು ಬಟ್ಟೆ ತೆಗಿ."

"ಒಂದು ಸಲಾನೂ ತಪ್ಪಿಲ್ಲ ನೋಡಿ. ಎತ್ತಿ ಒಂದು ಮಾತು ಆಡಿದ್ರೆ ನಿಮ್ಮ ಗಂಟೇನು ಹೋಗುತ್ತೆ?"

ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಮೊದಲು ಅವನು ಬಗ್ಗಲಿ ಎಂಬ ಹಟ. ನಿಜ ಹೇಳಬೇಕೆಂದರೆ, ಆ ಒಂದು ಸದ್ದಿಗಾಗಿ ನಾನು ಬೆಳಗ್ಗಿನಿಂದ ಕಿವಿ ನೆಟ್ಟು ಕೂತಿರುತ್ತಿದ್ದೆ. ಒಣ ದಿನಗಳಲ್ಲಿ ಫೋನ್ ಕೆಟ್ಟಿಲ್ಲ ತಾನೇ ಎಂದು ಎತ್ತಿ ನೋಡುತ್ತಿದ್ದೆ. ಮಳೆ ಬರಲಪ್ಪಾ ಎಂದು ಬೇಡಿಕೊಂಡ ಲಾಂಡ್ರಿಯವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಈ ವಸಂತದ ಆ ಸೋಮವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಹುಡುಕಿದರೂ ಒಂದು ಎಳೆ ಮೋಡವಿಲ್ಲ. ಹನ್ನೆರಡೂ ಇಪ್ಪತ್ತಕ್ಕೆ ಫೋನ್ ಬಡಿಯಿತು. ನಾನು ತಂತಿಗೆ ಕ್ಲಿಪ್ ಹಾಕುತ್ತಿದ್ದೆ. ಈಗ ಕಟ್ಟಾಗುತ್ತದೆ ಎಂದು ಕಾದೆ. ಆಗಲಿಲ್ಲ. ಬಡಿಯುತ್ತಲೇ ಇತ್ತು.

"ಅಕ್ಕಾ, ನಿಲ್ತಾನೇ ಇಲ್ಲ" ಎಂದ ಇಸ್ತ್ರಿಯವನು.

ಹೋಗಿ ನೋಡಿದೆ. ಚೀಲದೊಳಗೆ 'ಅಣ್ಣ' ಎಂದು ಬೆಳಗುತ್ತಿತ್ತು. ಬಗ್ಗಿದ! ಕೊನೆಗೂ ಬಗ್ಗಿದ! ಕೈ ಚಾಚಿದೆ, ಹಾಗೇ ನಿಲ್ಲಿಸಿದೆ. ಇಷ್ಟು ಬೇಗ ಎತ್ತಿಬಿಟ್ಟರೆ ಕಾದು ಕೂತಿದ್ದೆನೆಂದು ಗೊತ್ತಾಗುವುದಿಲ್ಲವೆ? ಅಷ್ಟರಲ್ಲಿ ಪೂರ್ತಿ ಬಡಿದು ತಾನಾಗಿ ನಿಂತಿತು.

"ಬಟ್ಟೆ ತೆಗೀಬೇಕಾ ಅಕ್ಕಾ?"

"ಬೇಡ. ಇದು ಮಳೆಗೆ ಮಾಡಿದ್ದಲ್ಲ."

ನೋಡಿ, ನನಗೆ ಗೊತ್ತಿತ್ತು. ಮಳೆಗಲ್ಲ, ನನಗೇ ಮಾಡಿದ್ದು ಎಂದು ಚೆನ್ನಾಗಿ ಗೊತ್ತಿತ್ತು.

ಮತ್ತೆ ಬಡಿಯಿತು. ಇಸ್ತ್ರಿಯವನು ಪೆಟ್ಟಿಗೆ ಕೆಳಗಿಟ್ಟು ನನ್ನ ಮುಖ ನೋಡಿದ. "ಎತ್ತಿ ಅಕ್ಕಾ, ಪಾಪ."

"ಬಡೀಲಿ ಬಿಡು. ಅಮ್ಮ ಮೂರು ಸಲ ಕರೆದ್ಲು. ಇವನೂ ಮೂರು ಸಲ ಕರೀಲಿ. ಮೂರನೇದಕ್ಕೆ ಎತ್ತುತೀನಿ."

ಎರಡನೆಯದೂ ಪೂರ್ತಿ ಬಡಿದು ನಿಂತಿತು. ನಾನು ಸೆರಗಿಗೆ ಕೈ ಒರೆಸಿಕೊಂಡು, ಫೋನನ್ನು ಚೀಲದಿಂದ ತೆಗೆದು ಅಂಗೈಯಲ್ಲಿ ಹಿಡಿದು ನಿಂತೆ. ಏನು ಹೇಳಬೇಕೆಂದೂ ಯೋಚಿಸಿದ್ದೆ. 'ಏನಪ್ಪಾ ಒಂದೆರಡು ಕಡೆ, ಈಗ ನೆನಪಾಯ್ತಾ?' ಎಂದು ಶುರುಮಾಡಬೇಕು, ಆಮೇಲೆ ಅತ್ತರೂ ಪರವಾಗಿಲ್ಲ. ಸಂಜೆ ಅವನ ಮನೆಗೇ ಹೋಗಿಬಿಡೋಣ ಅಂತಲೂ ಅನ್ನಿಸಿತು.

ಮೂರನೆಯದು ಬರಲಿಲ್ಲ. ಹಟಮಾರಿ, ಎಂದು ಬೈದುಕೊಂಡು ಮತ್ತೆ ಮೊಳೆಗೆ ಸಿಕ್ಕಿಸಿದೆ. ಒಳಗೊಳಗೇ ಮಾತ್ರ ಖುಷಿಯಾಗಿದ್ದೆ. ಆ ಮಧ್ಯಾಹ್ನ ಹಾಡು ಗುನುಗುತ್ತ ಬಟ್ಟೆ ಮಡಚಿದೆ, ದೇವರೇ, ಹಾಡು ಗುನುಗುತ್ತ!

ಎರಡು ಗಂಟೆಗೆ ಅತ್ತಿಗೆಯ ಫೋನ್ ಬಂತು. ಕಚೇರಿಗೆ ಬದಲಿ ಬಂದವನು ನೋಡಿದಾಗ ಅಣ್ಣ ಕುರ್ಚಿಯಿಂದ ಜಾರಿ ನೆಲದಲ್ಲಿ ಬಿದ್ದಿದ್ದನಂತೆ, ಫೋನ್ ಎಡಗೈಯಲ್ಲಿತ್ತಂತೆ. ತಲೆಯಲ್ಲಿ ರಕ್ತನಾಳ ಒಡೆದಿತ್ತು. ನಾನು ಒದ್ದೆ ಸೆರಗಿನಲ್ಲೇ ದೊಡ್ಡಾಸ್ಪತ್ರೆಗೆ ಓಡಿದೆ.

"ಇನ್ನೊಂದು ಗಂಟೆ ಮೊದಲು ತಂದಿದ್ರೆ ಏನಾದ್ರೂ ಮಾಡಬಹುದಿತ್ತು" ಎಂದರು ಡಾಕ್ಟರು. ನಾನು ಒಗೆದ ಕೋಟನ್ನೇ ಹಾಕಿಕೊಂಡಿದ್ದರು.

ಅಣ್ಣ ಮಲಗಿದ್ದ ಬೆಡ್‌ಶೀಟಿನ ಮೂಲೆಯಲ್ಲಿ ಕೆಂಪು ದಾರವಿತ್ತು. ಅವನ ಬಾಯಿ ಒಂದು ಕಡೆಗೆ ವಾಲಿತ್ತು. ಒಂದು ಕಣ್ಣು ಅರ್ಧ ತೆರೆದು ನನ್ನನ್ನು ನೋಡಿತೋ, ಗೋಡೆಯನ್ನು ನೋಡಿತೋ ತಿಳಿಯಲಿಲ್ಲ.

"ಅಣ್ಣಾ, ಮಾತಾಡೋ" ಎಂದೆ. "ನಾನು ಅಂದಿದ್ದನ್ನ ಹಿಂದಕ್ಕೆ ತಗೊಂಡೆ. ಗುಡುಗಮ್ಮ ಅನ್ನು. ಬೈಯೋದಾದ್ರೂ ಬೈಯೋ."

ಗಂಟಲಲ್ಲಿ ಏನೋ ಗೊರಗೊರ ಸದ್ದಾಯಿತು, ಅಷ್ಟೇ. ದನಿ ಹೋಗಿಬಿಟ್ಟಿತ್ತು. ಮೂರು ದಿನ ಅವನ ಕಿವಿಯ ಹತ್ತಿರ ಕೂತು ಹದಿನಾಲ್ಕು ತಿಂಗಳ ಮಾತನ್ನೆಲ್ಲ ಆಡಿದೆ. ಯಾವ ಮಳೆಗೆ ಎಷ್ಟು ಬಟ್ಟೆ ಉಳಿಯಿತು ಎಂಬುದನ್ನೂ ಬಿಡದೆ ಹೇಳಿದೆ. ಮೂರನೇ ದಿನ ಬೆಳಗ್ಗೆ ಅವನ ಉಸಿರು ನಿಂತಿತು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಅತ್ತಿಗೆ ನನ್ನ ಕೈ ಹಿಡಿದುಕೊಂಡರು. "ಬಲಗೈ ಬಿದ್ದೋಗಿತ್ತಂತೆ, ಎಡಗೈಯಲ್ಲಿ ಅವರಿಗೆ ಇನ್ನೇನು ಒತ್ತೋಕಾಗುತ್ತೆ? ಫೋನ್ ತೆಗೆದ್ರೆ ಮೊದಲು ಬರೋದು ನಿನ್ನ ಹೆಸರೇ ಕಣೇ, ಮಳೆ ದಿನವೆಲ್ಲ ಮಾಡ್ತಿದ್ರಲ್ಲ. ಪಾಪ, ಆ ಮಷೀನ್ ಸದ್ದಲ್ಲಿ ನಿನಗೆ ಕೇಳಿಸಿರಲ್ಲ. ಅದನ್ನೇ ಮನಸ್ಸಿಗೆ ಹಚ್ಕೋಬೇಡ."

ಇಸ್ತ್ರಿಯವನು ಗೋಡೆಗೆ ಒರಗಿ ನಿಂತಿದ್ದ. ತಲೆ ತಗ್ಗಿಸಿದ.

"ಹೂಂ ಅತ್ತಿಗೆ" ಎಂದೆ. "ಕೇಳಿಸ್ಲಿಲ್ಲ."

ಅವರು ನನ್ನ ತಲೆ ಸವರಿದರು. ಆ ಕೈಯನ್ನು ತಡೆದುಕೊಳ್ಳಲಾಗಲಿಲ್ಲ, ಆದರೂ ಬಾಯಿ ಬಿಡಲಿಲ್ಲ.

ಎಲ್ಲ ಮುಗಿದ ಮೇಲೆ ಆಸ್ಪತ್ರೆಯಿಂದ ಎಂದಿನಂತೆ ಮೂಟೆಗಳು ಬಂದವು. ಆ ವಾರ್ಡಿನ ಮೂಟೆಯಲ್ಲಿ ಇಪ್ಪತ್ತಾರು ಬೆಡ್‌ಶೀಟ್ ಇದ್ದವು. ಅವನದು ಯಾವುದು? ಒಂದೊಂದನ್ನೇ ಬಿಡಿಸಿ ಮೂಸಿ ನೋಡಿದೆ. ಎಲ್ಲದರಲ್ಲೂ ಔಷಧಿ ವಾಸನೆ, ಎಲ್ಲದರಲ್ಲೂ ನನ್ನದೇ ಕೆಂಪು ದಾರ. ಮಷೀನಿಗೆ ಹಾಕಲು ಮನಸ್ಸು ಬರಲಿಲ್ಲ. ಇಪ್ಪತ್ತಾರನ್ನೂ ಕೈಯಲ್ಲೇ ಒಗೆದೆ, ನಾನೇ ಮೇಲೆ ಹೊತ್ತು ತಂದು ಹರವಿದೆ.

ಬಿಸಿಲು ಚೆನ್ನಾಗಿತ್ತು. ಹನ್ನೆರಡಾಯಿತು, ಒಂದಾಯಿತು. ಫೋನ್ ಬಡಿಯಲಿಲ್ಲ. ಎರಡರ ಹೊತ್ತಿಗೆ ಪಶ್ಚಿಮದಲ್ಲಿ ಕಪ್ಪು ಕಟ್ಟತೊಡಗಿತು. ಗಾಳಿ ನಿಂತು ಬಟ್ಟೆಗಳೆಲ್ಲ ಜೋತುಬಿದ್ದವು. ದೂರದಲ್ಲಿ ಒಮ್ಮೆ ಗುಡುಗಿತು.

"ಅಕ್ಕಾ, ಬಟ್ಟೆ..." ಎಂದ ಇಸ್ತ್ರಿಯವನು.

ನಾನು ಫೋನ್ ತೆಗೆದು ಅಣ್ಣನ ನಂಬರಿಗೆ ಒತ್ತಿದೆ. ಎತ್ತಲಿ ಎಂದಲ್ಲ. ಪೂರ್ತಿ ಬಡಿಯುವುದೆಂದರೆ ಎಷ್ಟು ಹೊತ್ತು ಎಂದು ತಿಳಿಯಬೇಕಿತ್ತು. ಒಂದು, ಎರಡು, ಮೂರು. ಇಲ್ಲಿಯವರೆಗೆ ಅವನಿಗೆ ನಂಬಿಕೆ ಇದ್ದಿರಬೇಕು. ಏಳು, ಎಂಟು. ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಾಳೆ ಎಂದುಕೊಂಡಿರಬೇಕು. ಹನ್ನೊಂದು, ಹನ್ನೆರಡು. ಹದಿನಾರಕ್ಕೆ ನಿಂತಿತು. ಹದಿನಾರು, ಮತ್ತೆ ಹದಿನಾರು. ನೆಲದಲ್ಲಿ ಬಿದ್ದವನಿಗೆ ಅದು ಬಹಳ ಹೊತ್ತು.

ಮೊದಲ ಹನಿ ನನ್ನ ಮುಂಗೈ ಮೇಲೆ ಬಿತ್ತು. ಆಗಲೇ ಕೈಯಲ್ಲಿದ್ದ ಫೋನ್ ಬಡಿಯಿತು. 'ಅಣ್ಣ' ಎಂದು ಬೆಳಗಿತು. ಇಸ್ತ್ರಿಯವನು ಎರಡು ಹೆಜ್ಜೆ ಹಿಂದೆ ಸರಿದ. ನಾನು ಮೊದಲ ಸದ್ದು ಮುಗಿಯುವ ಮೊದಲೇ ಎತ್ತಿದೆ.

"ಏನೇ, ಫೋನ್ ಮಾಡಿದ್ದೆ?" ಅತ್ತಿಗೆಗೆ ಏದುಸಿರು. "ಇವರ ಫೋನ್ ಒಳಗಿತ್ತು. ಮಳೆ ಬರೋ ಹಾಗಿದೆ ಅಂತ ಬಟ್ಟೆ ತೆಗೀತಿದ್ದೆ. ನೀನು ತೆಗೆದ್ಯಾ?"

"ಅತ್ತಿಗೆ" ಎಂದೆ. "ಅವತ್ತು ನನಗೆ ಕೇಳಿಸ್ತು."

"ಏನು?"

"ಎರಡು ಸಲಾನೂ ಕೇಳಿಸ್ತು. ಫೋನ್ ಮುಂದೇನೇ ನಿಂತಿದ್ದೆ. ಮೂರನೇ ಸಲ ಮಾಡ್ಲಿ ಅಂತ ಎತ್ತಲಿಲ್ಲ."

ಆ ಕಡೆ ಅವರ ಮನೆಯ ಮೇಲೂ ಮಳೆ ಬೀಳುತ್ತಿದ್ದ ಸದ್ದು ಕೇಳುತ್ತಿತ್ತು. ಬೈಯಲಿ, ಶಾಪ ಹಾಕಲಿ, ಎದೆ ಬಡಿದುಕೊಂಡು ಅಳಲಿ ಎಂದು ಕಾದೆ. ಸ್ವಲ್ಪ ಹೊತ್ತಿಗೆ ಫೋನ್ ಕಟ್ಟಾಯಿತು.

ಇಸ್ತ್ರಿಯವನು ತಂತಿಗಳ ಕಡೆಗೆ ಓಡಿದ. "ಬಿಡು" ಎಂದೆ. ಅವನಿಗೆ ಕೇಳಿಸಲಿಲ್ಲವೇನೋ, ಎರಡು ಮೂರನ್ನು ಎಳೆದು ತಂದ. ಉಳಿದವೆಲ್ಲ ನೆಂದವು. ನಾನು ಅವುಗಳ ನಡುವೆ ನಿಂತೇ ಇದ್ದೆ, ಫೋನ್ ಮಾತ್ರ ನೆನೆಯದಂತೆ ಸೆರಗಿನೊಳಗೆ ಹಿಡಿದುಕೊಂಡಿದ್ದೆ.