ಹೆಚ್ಚು ಬಾಗಿದ ಪಾಟಾ

“ಇನ್ನೊಂದೀಟು ಎತ್ರಿ ಸಾವ್ಕಾರ್ರ,” ಎಂದ ಪಕ್ಕದ ಗ್ಯಾರೇಜಿನ ತುಕಾರಾಮ, ಜೀಪಿನ ಕೆಳಗಿನಿಂದ.

ಜಿನ್ನಪ್ಪ ಜಾಕ್ ತಿರುವಿದ. ಐನಾಪುರದ ಈ ಬೆಲ್ಲದ ವ್ಯಾಪಾರಿ ಹುಟ್ಟಿದಾಗಿನಿಂದ ಜಾಕ್ ಮುಟ್ಟಿದವನಲ್ಲ. ಇವತ್ತು ಬಿಳಿ ಧೋತರಕ್ಕೆ ಗ್ರೀಸು ಮೆತ್ತಿದರೂ ಅತ್ತ ನೋಡಲಿಲ್ಲ.

ಹತ್ತು ಹೆಜ್ಜೆ ಆಚೆ, ಮನೆಯೊಳಗೆ, ಗ್ಯಾರೇಜಿನ ಬಂದಗಿಸಾಬ ಬಿಳಿ ಬಟ್ಟೆಯಲ್ಲಿ ಮಲಗಿದ್ದ. ಬೆಳಿಗ್ಗೆ ಎದೆ ಹಿಡಿದುಕೊಂಡವನು ಚಹಾ ಬರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಮಗಳು ಶಹಜಾದಬಿ ಅನಂತಪುರ ಹಳ್ಳಿಯಾಚೆ, ಹೊಲದ ಮನೆಯಲ್ಲಿ ಹನ್ನೆರಡು ದಿನದ ಬಾಣಂತಿ. ಅವಳ ಕೂಸನ್ನು ಅಜ್ಜ ಇನ್ನೂ ನೋಡಿರಲಿಲ್ಲ. ಜಿನ್ನಪ್ಪನ ಜೀಪು ರಿಪೇರಿಯಾದ ಮೇಲೆ ಅದರಲ್ಲೇ ಹೋಗುವವನಿದ್ದ. ಮಳೆಗೆ ಎರೆ ಮಣ್ಣಿನ ದಾರಿ ರಾಡಿಯಾಗಿ, ಅವಳನ್ನು ಕರೆತರಲು ಹೋದ ಟೆಂಪೋ ಅರ್ಧದಿಂದ ಮರಳಿತ್ತು. ಆ ರಾಡಿ ದಾಟುವುದು ಜಿನ್ನಪ್ಪನ ಹಳೆಯ ಮಿಲಿಟರಿ ಜೀಪೊಂದೇ. ಅದರ ಮುಂದಿನ ಎರಡೂ ಪಾಟಾಗಳನ್ನು, ಅಂದರೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟುಗಳನ್ನು, ಬಂದಗಿಸಾಬ ನಿನ್ನೆಯಷ್ಟೇ ಬಿಚ್ಚಿಟ್ಟಿದ್ದ.

“ನಾಕಕ್ಕ ಕಬರಸ್ತಾನಕ್ಕ ಎತ್ತತೀವಿ. ಮಯ್ಯತ್ ಕಾಯಿಸಾಕ ಬರೂದಿಲ್ರಿ,” ಎಂದ ಸತ್ತವನ ತಮ್ಮ ದಾದಾಸಾಬ.

ಬಾಗಿಲ ಪರದೆಯ ಹಿಂದಿನಿಂದ ಬಂದಗಿಸಾಬನ ಹೆಂಡತಿ ಫಾತಿಮಾ ಕೇಳಿದಳು, “ತುಕಾರಾಮಣ್ಣಾ, ಹೆಚ್ಚು ಬಾಗಿದ ಪಾಟಾ ಯಾ ಕಡೆ ಹಾಕೀರಿ?”

“ಎಡಕ್ಕ ಭಾಭಿ. ಅದರ ಮ್ಯಾಲ ಎಡಾ ಅಂತ ಮಿಲಿಟರಿಯವರ ಗುರುತೈತಿ.”

“ಬಿಚ್ಚರಿ. ಅದು ಬಲಕ್ಕ ಬರಬೇಕು.”

*

ಹನ್ನೆರಡು ವರ್ಷದ ಹಿಂದೆ ಜಿನ್ನಪ್ಪ ಈ ಜೀಪನ್ನು ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದಾಗ ಅದರ ಸ್ಟೇರಿಂಗ್ ಎಡಕ್ಕಿತ್ತು. ಬಂದಗಿಸಾಬ ಅದನ್ನು ಬಲಕ್ಕೆ ತಂದ. ಆಮೇಲೆ ಪಾಟಾಗಳನ್ನೂ ಅದಲುಬದಲು ಮಾಡತೊಡಗಿದ.

“ಅವನ್ನ್ಯಾಕ ಬಿಚ್ಚಾಕತ್ತೀಯೋ?” ಕೇಳಿದ ಜಿನ್ನಪ್ಪ.

“ಡ್ರೈವರ್ ಕಡೆ ಭಾರ ಹೆಚ್ಚಲ್ರೀ, ಅದಕ್ಕ ಆ ಕಡೆ ಪಾಟಾ ಹೆಚ್ಚು ಬಾಗಿರತೈತಿ. ಡ್ರೈವರ್ ಬಲಕ್ಕ ಬಂದ ಮ್ಯಾಲ ಪಾಟಾನೂ ಬರಬೇಕು. ಈಗ ಹತ್ತಿ ಕುಂಡ್ರರಿ, ನಟ್ ಬಿಗೀತೀನಿ.”

“ನಾ ಯಾಕ?”

“ಖಾಲಿ ಗಾಡಿ ನೆಟ್ಟಗ ನಿಂತ್ರ ಏನ್ ಬಂತ್ರಿ? ನೀವು ಕುಂತಾಗ ನಿಲ್ಲಬೇಕು. ನಿಮ್ಮ ಹೊಟ್ಟೀನ ಒಂದು ಚೀಲ ಬೆಲ್ಲ ಐತಿ.”

ಚಹಾ ತಂದ ಫಾತಿಮಾ ನಕ್ಕಿದ್ದಳು. “ಊರ ಮಂದಿ ಭಾರೆಲ್ಲಾ ಇವರಿಗೆ ಗೊತ್ತು. ಮನ್ಯಾಗಿನ ಜ್ವಾಳದ ಚೀಲ ಹಗುರಾಗಿದ್ದು ಗೊತ್ತಾಗೂದಿಲ್ಲ.”

*

ಪಾಟಾ ಬದಲಾಯಿತು. ಗಾಡಿ ನೆಲಕ್ಕಿಳಿದ ಕೂಡಲೇ ತುಕಾರಾಮ ನಟ್ಟು ಬಿಗಿಯಲು ಪಾನಾ ಎತ್ತಿಕೊಂಡ.

“ಮಂದಿ ಕುಂಡ್ರಿಸಿ ಬಿಗೀರಿ,” ಎಂದಿತು ಪರದೆಯ ಹಿಂದಿನ ದನಿ. “ಹಿಂದ ಬಾಣಂತಿ ಕುಂಡ್ರೂದೈತಿ.”

ಜಿನ್ನಪ್ಪ ಸ್ಟೇರಿಂಗ್ ಹಿಡಿದು ಕುಳಿತ. ಅವಸರದ ದಾದಾಸಾಬನೂ ಪಕ್ಕಕ್ಕೆ ಹತ್ತಿದ. ಟೋಪಿ ಹಾಕಿದ್ದ ಇಬ್ಬರು ಹಿರಿಯರು ಹಿಂದೆ ಕುಳಿತರು. ನಿಂತ ಜೀಪಿನಲ್ಲಿ ನಾಲ್ವರೂ ನೆಟ್ಟಗೆ ಮುಂದೆ ನೋಡುತ್ತಿದ್ದರು. ಕೆಳಗೆ ನಟ್ಟು ಬಿಗಿಯಾಗುತ್ತಿತ್ತು. ಹೊಟ್ಟೆಯ ಬಗ್ಗೆ ಈಗ ಯಾರೂ ಚೇಷ್ಟೆ ಮಾಡಲಿಲ್ಲ. ಜಿನ್ನಪ್ಪ ಮಕ್ಕಳಂತೆ ಅತ್ತುಬಿಟ್ಟ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಜೀಪು ಶಹಜಾದಬಿಯನ್ನೂ ಕೂಸನ್ನೂ ಹೊತ್ತು ಮರಳಿತು. ರಾಡಿ ಬಾನೆಟ್ಟಿನ ಮೇಲೂ ಸಿಡಿದಿತ್ತು. ಫಾತಿಮಾ ಮಗಳ ಶಾಲು ಸರಿಸಿ ಕೂಸನ್ನು ನೋಡಿದಳು.

“ದಾರ್ಯಾಗ ಭಾಳ ಅತ್ತಿತೇನು?”

“ಇಲ್ಲಮ್ಮಾ. ಅಲ್ಲಿಂದ ಕಣ್ಣ ತೆರೆದಿಲ್ಲ, ಮಲಗೈತಿ.”

ದಾದಾಸಾಬ ಅಣ್ಣನ ಮುಖದ ಮೇಲಿನ ಬಟ್ಟೆ ತೆಗೆದ. ಶಹಜಾದಬಿ ಬಹಳ ಹೊತ್ತು ನೋಡಿದಳು. ಆಮೇಲೆ ಮಲಗಿದ್ದ ಕೂಸನ್ನು ಅಪ್ಪನ ಭುಜದ ಪಕ್ಕ ಇಳಿಸಿ, ಎಚ್ಚರವಾಗದಂತೆ ಮೆಲ್ಲಗೆ ಕೈ ಬಿಡಿಸಿಕೊಂಡಳು.