ಪ್ರಿನ್ಸಿಪಾಲರ ದನಿಯಲ್ಲಿ ಓಮನ ನಿಯಮ

ಮುಂದಿನ ಜೂನ್‌ನಲ್ಲಿ ಕಲ್ಲೇಶನಿಗೆ ಕೆಲಸ ಇರುತ್ತದೋ ಇಲ್ಲವೋ ಎಂಬುದು ಪ್ರಿನ್ಸಿಪಾಲ್ ರುದ್ರಮುನಿಯಪ್ಪನವರ ಒಂದು ಮಾತಿನ ಮೇಲೆ ನಿಂತಿತ್ತು. ಹೊಸದುರ್ಗದ ಪಿಯು ಕಾಲೇಜೊಂದರಲ್ಲಿ ಅವನು ಅತಿಥಿ ಉಪನ್ಯಾಸಕ. ಅತಿಥಿ ಎಂದರೆ ಊಟ ಹಾಕಿ ಕಳಿಸುವ ಅತಿಥಿಯಲ್ಲ, ಪಾಠ ಮಾಡಿಸಿಕೊಂಡು ಕಳಿಸುವ ಅತಿಥಿ. ಪ್ರತಿ ವರ್ಷ ಪ್ರಾಕ್ಟಿಕಲ್ ಪರೀಕ್ಷೆ ಮುಗಿದ ಮೇಲೆ ಪ್ರಿನ್ಸಿಪಾಲರು "ಇವ್ರು ಇರ್ಲಿ" ಎನ್ನಬೇಕು. ಆಗ ಇವನು ಇರುತ್ತಾನೆ.

ಅಂಥವನು ಆ ಪ್ರಿನ್ಸಿಪಾಲರನ್ನೇ ಅಣಕಿಸಬಾರದಿತ್ತು. ಆದರೆ ಭೌತಶಾಸ್ತ್ರ ಹೇಳಿಕೊಡಬೇಕಿತ್ತಲ್ಲ. ವೋಲ್ಟೇಜು, ಕರೆಂಟು, ರೆಸಿಸ್ಟೆನ್ಸು ಎಂದು ತನ್ನ ಸ್ವಂತ ದನಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಕಿಟಕಿಯಾಚೆ ನೋಡುತ್ತಿದ್ದರು. ಒಂದು ದಿನ ರೋಸಿಹೋಗಿ, ಗಂಟಲು ಕೆರೆದು, ಎರಡೂ ಕೈ ಸೊಂಟಕ್ಕೆ ಕೊಟ್ಟು ರುದ್ರಮುನಿಯಪ್ಪನವರೇ ಆಗಿಬಿಟ್ಟ.

"ಹ್ಞಾ... ಲೇ ಮಹರಾಯರಾ! ನಾನು ವರಾಂಡದಾಗೆ ನಿಂತು ಕೂಗ್ತೀನಲ್ಲ, ಅದು ವೋಲ್ಟೇಜು. ಕೂಗಿಗೆ ಹೆದರಿ ಓಡಿ ಬರ್ತೀರಲ್ಲ, ನೀವು ಕರೆಂಟು. ಗೇಟಿನ ತಾವ ನಿಮ್ಮನ್ನ ಹಿಡ್ಕೊಂಡು ಬಿಡದೇ ಇರೋ ಮಂಡಕ್ಕಿ ಗಾಡಿ ಐತಲ್ಲ, ಅದು ರೆಸಿಸ್ಟೆನ್ಸು. ಕೂಗನ್ನ ಬಂದ ಹುಡುಗ್ರಿಂದ ಭಾಗಿಸ್ರಿ, ಗಾಡಿ ಎಷ್ಟು ಗಟ್ಟಿ ಅಂತ ಗೊತ್ತಾಗುತ್ತೆ. ಗುಣಿಸ್ರಿ, ನನ್ನ ಪವರ್ ಎಷ್ಟು ಅಂತ ಗೊತ್ತಾಗುತ್ತೆ. ತಿಳೀತೋ, ತಿಳೀಲಿಲ್ವೋ?"

ತಿಳಿಯಿತು. ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ಆಮೇಲೆ ಬೇರೆ ಯಾವ ದನಿಯಲ್ಲಿ ಹೇಳಿದರೂ ತಿಳಿಯದಂತಾಯಿತು. ಲೆಕ್ಕ ಬಿಡಿಸುವ ಮುಂಚೆ ಇಡೀ ಕ್ಲಾಸು ಗಂಟಲು ಕೆರೆಯತೊಡಗಿತು. ಕೆರೆಯದೆ ಬಿಡಿಸಿದವರು ಭಾಗಿಸುವಲ್ಲಿ ಗುಣಿಸಿ ಕೂತರು.

ಪ್ರಾಕ್ಟಿಕಲ್ ಪರೀಕ್ಷೆಗೆ ಹಿರಿಯೂರಿನಿಂದ ಶಿವಗಂಗಾ ಮೇಡಂ ಬಂದರು. ನಗು ಅವರ ಸಿಲಬಸ್ಸಿನಲ್ಲಿ ಇದ್ದಂತೆ ಕಾಣಲಿಲ್ಲ. ಮೊದಲ ಮೇಜಿನ ಮುಂದೆ ನಿಂತಿದ್ದವಳು ಯಮುನಾ. ಎದುರಿಗೆ ಒಂದು ಟಾರ್ಚ್ ಬಲ್ಬು, ವೋಲ್ಟ್ ಮೀಟರು, ಅಮ್ಮೀಟರು.

"ಎರಡು ವೋಲ್ಟ್ ಇಡಮ್ಮ. ಈಗ ರೆಸಿಸ್ಟೆನ್ಸ್ ಎಷ್ಟು, ಪವರ್ ಎಷ್ಟು ಹೇಳು."

ಯಮುನಾ ಮುಳ್ಳುಗಳನ್ನು ನೋಡಿದಳು, ಬಾಯಿ ತೆರೆದಳು, ಮುಚ್ಚಿದಳು. "ಮೇಡಂ, ಮಾಮೂಲಿ ದನೀಲಿ ಬರಲ್ಲ."

"ಬರೋ ದನೀಲೇ ಹೇಳು."

ಅದೇ ಹೊತ್ತಿಗೆ ಪರೀಕ್ಷಕರಿಗೆ ಟೀ ಬಂತೋ ಇಲ್ಲವೋ ವಿಚಾರಿಸಲು ರುದ್ರಮುನಿಯಪ್ಪನವರು ಬಾಗಿಲಿಗೆ ಬಂದರು. ಕಲ್ಲೇಶ ಯಮುನಾಳಿಗೆ ಕಣ್ಣು ದೊಡ್ಡದು ಮಾಡಿ ಬೇಡವೆಂದು ತಲೆ ಅಲ್ಲಾಡಿಸಿದ. ಮೇಷ್ಟ್ರು ಹುರಿದುಂಬಿಸುತ್ತಿದ್ದಾರೆ ಎಂದುಕೊಂಡ ಹುಡುಗಿ ಎರಡೂ ಕೈ ಸೊಂಟಕ್ಕೆ ಕೊಟ್ಟಳು.

"ಹ್ಞಾ... ಎರಡು ವೋಲ್ಟು ಕೂಗಿದೆ. ಬಂದೋರು ಪಾಯಿಂಟ್ ನಾಲ್ಕು ಆಂಪಿಯರು! ಭಾಗಿಸಿದ್ರೆ ಗಾಡಿ ಐದು ಓಮು. ಗುಣಿಸಿದ್ರೆ ಪಾಯಿಂಟ್ ಎಂಟು ವ್ಯಾಟು. ಇಷ್ಟು ದೊಡ್ಡ ಕಾಲೇಜಿಗೆ ಪ್ರಿನ್ಸಿಪಾಲು, ಒಂದು ವ್ಯಾಟಿಗೂ ಗತಿ ಇಲ್ಲ!"

ಮೇಡಂ ಮುಖದಲ್ಲಿ ನಗು ಸುಳಿಯಲಿಲ್ಲ. "ಲೆಕ್ಕ ಸರಿ. ಮೂರು ವೋಲ್ಟಿಗೆ ಏರ್ಸು."

"ಮೂರು ಕೂಗಿದೆ. ಬಂದೋರು ಅರ್ಧ ಆಂಪಿಯರು. ಪವರು ಒಂದೂವರೆ ವ್ಯಾಟು. ಗಾಡಿ..." ಯಮುನಾ ತಡವರಿಸಿ ತನ್ನ ದನಿಗೆ ಇಳಿದಳು. "ಮೇಡಂ, ಆರು ಓಮ್ ಬರ್ತೈತೆ. ಗಾಡಿ ದೊಡ್ಡದಾತು."

"ಗಾಡಿ ಹೆಂಗೆ ದೊಡ್ಡದಾಗುತ್ತೆ, ಮಹರಾಯ್ತಿ?"

ದನಿ ಅದೇ ಆದ್ದರಿಂದ ಎಲ್ಲರೂ ಯಮುನಾಳನ್ನೇ ನೋಡಿದರು. ಆಮೇಲೆ ಬಾಗಿಲ ಕಡೆ ನೋಡಿದರು. ಕಲ್ಲೇಶ ಯಾವ ಕಡೆಯೂ ನೋಡಲಿಲ್ಲ. ಜೂನ್ ತಿಂಗಳು ಅವನ ಕಣ್ಣೆದುರಿನಿಂದ ಎದ್ದು ಹೋಗುತ್ತಿತ್ತು.

ಶಿವಗಂಗಾ ಮೇಡಂ ಪ್ರಶ್ನೆಯನ್ನು ಪ್ರಶ್ನೆಯೆಂದೇ ತೆಗೆದುಕೊಂಡರು. "ಬಲ್ಬಿನೊಳಗಿನ ತಂತಿ ಕಾಯುತ್ತೆ ಸರ್. ಕಾದಂಗೆಲ್ಲ ತಡೆ ಹೆಚ್ಚಾಗುತ್ತೆ."

ರುದ್ರಮುನಿಯಪ್ಪನವರು ಇತಿಹಾಸದವರು. ಒಳಗೆ ಬಂದು ಬಲ್ಬನ್ನು ಶಾಸನ ನೋಡುವಂತೆ ಬಗ್ಗಿ ನೋಡಿದರು. "ಅಂದ್ರೆ, ಜಾಸ್ತಿ ಕೂಗಿದಷ್ಟೂ ತಡೆ ಜಾಸ್ತಿ?"

"ಹೌದ್ರಿ ಸರ್. ಬರೋರೂ ಹೆಚ್ತಾರೆ, ಆದ್ರೆ ಕೂಗಿದಷ್ಟು ಹೆಚ್ಚಲ್ಲ."

"ಇನ್ನೂ ಜೋರಾಗಿ ಕೂಗಿದ್ರೆ?"

"ಕಡೀಗೆ ಸುಟ್ಟು ಹೋಗುತ್ತೆ."

"ಯಾರು?"

"ಬಲ್ಬು ಸರ್."

ಪ್ರಿನ್ಸಿಪಾಲರು ಬಲ್ಬಿನಿಂದ ಒಂದು ಹೆಜ್ಜೆ ಹಿಂದೆ ಸರಿದರು. ಅವರು ಹಿಂದೆ ಸರಿದದ್ದನ್ನು ಆ ಕಾಲೇಜಿನಲ್ಲಿ ಯಾರೂ ನೋಡಿರಲಿಲ್ಲ. "ಇಷ್ಟು ವರ್ಷದಾಗೆ ಒಬ್ರೂ ಹೇಳ್ಲಿಲ್ಲ ನೋಡ್ರಿ ಇದನ್ನ" ಎಂದು ಕಲ್ಲೇಶನ ಕಡೆ ತಿರುಗಿದರು. "ಏನಪ್ಪ ಕಲ್ಲೇಶ, ಇದು ನೀನು ಹೇಳಿಕೊಟ್ಟ ಪಾಠನಾ?"

"ಪಾಠ ನಂದು ಸರ್." ಮುಂದಿನದನ್ನು ನುಂಗಲು ನೋಡಿದ, ಆಗಲಿಲ್ಲ. "ದನಿ ತಮ್ಮದು."

"ಎಲ್ರಿಗೂ ಹಿಂಗೇ ಬರುತ್ತಾ ಲೆಕ್ಕ?"

ಉಳಿದ ಮೇಜುಗಳಿಂದ ಒಟ್ಟಿಗೇ ಗಂಟಲು ಕೆರೆದ ಸದ್ದಾಯಿತು. ರುದ್ರಮುನಿಯಪ್ಪನವರು ತಮ್ಮ ಗಂಟಲನ್ನು ಒಮ್ಮೆ ಮುಟ್ಟಿಕೊಂಡರು.

"ನಾನು ಇಷ್ಟು ಕರ್ಕಶವಾಗಿ ಕೂಗ್ತೀನಾ ಮೇಡಂ?"

"ನಾನು ಹಿರಿಯೂರಿನೋಳು ಸರ್, ನಂಗೇನು ಗೊತ್ತು" ಎಂದರು ಶಿವಗಂಗಾ ಮೇಡಂ. "ಹುಡುಗಿಗೆ ಪೂರ್ತಿ ಅಂಕ ಕೊಟ್ಟೀನಿ."

"ಜೂನ್‌ನಾಗೆ ಬಾರಪ್ಪ" ಎಂದರು ಪ್ರಿನ್ಸಿಪಾಲರು ಕಲ್ಲೇಶನಿಗೆ, ಅಷ್ಟೇನೂ ಕೂಗದೆ. "ಪಾಠನೂ ಇದೇ ಇರ್ಲಿ. ಆದ್ರೆ ಇವತ್ತಿಂದ ನಿನ್ನ ದನೀಲಿ ಮಾಡು. ನಂದನ್ನ ನಂಗೆ ಬಿಟ್ಟುಬಿಡು."

ಕಲ್ಲೇಶ ಕೈ ಮುಗಿದ. ಕೆಲಸ ಉಳಿಯಿತು. ಪ್ರಿನ್ಸಿಪಾಲರು ಅಲ್ಲೇ ಒಂದು ಸ್ಟೂಲ್ ಎಳೆದು ಕೂತರು. ಎರಡನೇ ಮೇಜಿನ ಶಿವು ರೀಡಿಂಗು ಹಿಡಿದುಕೊಂಡು, ಆ ದನಿಯಿಲ್ಲದೆ ಲೆಕ್ಕ ಹೊಳೆಯದೆ, ಕಣ್ಣಲ್ಲಿ ನೀರು ತಂದುಕೊಂಡು ಮೇಷ್ಟ್ರನ್ನೇ ನೋಡುತ್ತಿದ್ದ. ಸೂತ್ರ ಒಂದು ಸಲ ನೆನಪು ಮಾಡಲು ಮೇಡಂ ಕಲ್ಲೇಶನಿಗೆ ಸನ್ನೆ ಮಾಡಿದರು.

ಅವನು ಬೋರ್ಡಿನ ಮುಂದೆ ಹೋಗಿ ನಿಂತ. ಕೈ ತಾನಾಗಿ ಸೊಂಟದ ಕಡೆ ಹೊರಟಿತು, ಹಿಡಿದು ಜೇಬಿಗೆ ಹಾಕಿದ. "ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್" ಎಂದ.

ಒಳ್ಳೆಯ ದನಿಯೇ. ಆದರೆ ಮೊದಲ ಸಲ ಕೇಳುವವನಂತೆ ಅವನಿಗೇ ಆ ಮಾತಿನ ಮೇಲೆ ನಂಬಿಕೆ ಬರಲಿಲ್ಲ. ತಿರುಗಿ ಬೋರ್ಡಿನ ಮೇಲೆ ಬರೆದು ಇನ್ನೊಮ್ಮೆ ನೋಡಿಕೊಂಡ. ಸರಿಯಾಗಿಯೇ ಇತ್ತು.

"ಕೇಳಿಸ್ಲಿಲ್ಲ" ಎಂದರು ಸ್ಟೂಲಿನ ಮೇಲಿಂದ ರುದ್ರಮುನಿಯಪ್ಪನವರು. "ಸ್ವಲ್ಪ ಜೋರಾಗಿ."