ಮುಚ್ಚಳದ ಮೇಲಿನ ಜಾರುಬಂಡಿ

೧
ನಾಲ್ಕು ತೊಟ್ಟು ಅಂಟಿನ ಬಗ್ಗೆ ನನಗೊಂದು ಚಿಂತೆಯಿದೆ. ಡೈರಿಗೆ ಮಾತ್ರ ಹೇಳಿದ್ದೇನೆ. ಕಥೆಯನ್ನು ಅಲ್ಲಿಂದಲೇ ಶುರುಮಾಡಬಹುದೇ? ಅಂಟಿನಿಂದ ಶುರುವಾಗುವ ಕಥೆಯನ್ನು ಯಾರು ಓದುತ್ತಾರೆ? ಡಿಗ್ರಿಯಲ್ಲಿ ಕಥನಕಲೆಯ ಪೇಪರ್ ಇತ್ತು, ಮಾರ್ಕ್ಸೂ ಚೆನ್ನಾಗಿಯೇ ಬಂದಿತ್ತು. ಈಗ ಅದು ಎಳ್ಳಷ್ಟೂ ಉಪಯೋಗಕ್ಕೆ ಬರುತ್ತಿಲ್ಲ.

೨ (ಇನ್ನೊಮ್ಮೆ)
‘ಒಂದು ಊರಿನಲ್ಲಿ ಮಕ್ಕಳು ಆಡುವುದನ್ನೇ ಯಾರೂ ಕಂಡಿರಲಿಲ್ಲ.’

ಹೊಡೆದುಹಾಕಿದೆ. ತೀರಾ ಗಂಭೀರವಾಯಿತು. ಊರು ಎಂದರೆ ನಮ್ಮ ಮೇಜಿನ ಮೇಲಿನದು, ಅಷ್ಟೇ. ನನ್ನ ಸೋದರತ್ತೆ ಮೂವತ್ತು ವರ್ಷ ಲ್ಯಾಬಿನಲ್ಲಿ ಕುಳಿತು ಹಲ್ಲಿನ ಸೆಟ್ಟು ಮಾಡಿದವರು. ನಿವೃತ್ತರಾದ ಮೇಲೆ ಅದೇ ಚಿಮಟ, ಅದೇ ಅರ ಹಿಡಿದು ಪುಟಾಣಿ ರೈಲಿನ ಊರು ಕಟ್ಟುತ್ತಿದ್ದಾರೆ. ಸ್ಟೇಷನ್, ಗುಡ್ಡ, ಸುರಂಗ, ಅಂಚೆಕಚೇರಿ ಎಲ್ಲ ಇವೆ. ಒಂದು ಸಂಜೆ ಕನ್ನಡಕ ಒರೆಸುತ್ತಾ, ಈ ಊರಿನ ಮಕ್ಕಳಿಗೊಂದು ಪಾರ್ಕ್ ಬೇಡವೇ, ನೀನೇ ಮಾಡು, ನಿನ್ನ ಕೈ ನಡುಗುವುದಿಲ್ಲ ಎಂದರು.

(ಉಗುರಿಗಿಂತ ಚಿಕ್ಕ ವಸ್ತುಗಳ ಮುಂದೆ ಮಾತ್ರ ನಡುಗುವುದಿಲ್ಲ. ಫೋನ್ ರಿಂಗಾದರೆ ನಡುಗುತ್ತದೆ.)

ತಂತಿ ಬಗ್ಗಿಸಿ ಉಯ್ಯಾಲೆ ಮಾಡಿದೆ, ಬೆಂಕಿಕಡ್ಡಿ ಸೀಳಿ ಏರಿಳಿಯುವ ಸೀಸಾ. ಜಾರುಬಂಡಿಗೆಂದು ಅತ್ತೆ ಒಸಡು ಮಾಡುವ ಗುಲಾಬಿ ಪ್ಲಾಸ್ಟಿಕ್ ಕೊಟ್ಟರು. ಆರು ವಾರ ಹಿಡಿಯಿತು. ನಾನು ಶುರುಮಾಡಿ ಮುಗಿಸಿದ ಮೊದಲ ಕೆಲಸ ಅದು. ಅತ್ತೆ ತಮ್ಮ ರೈಲು ಹುಚ್ಚಿನ ಗೆಳೆಯರಿಗೆಲ್ಲ ಹೇಳಿಕೊಂಡು ಬಂದರು. ನೋಡಲು ಭಾನುವಾರ ಹನ್ನೊಂದಕ್ಕೆ ಬರುತ್ತಾರಂತೆ.

೩
ಈಗ ಅಂಟಿನ ವಿಷಯ. ಮೇಜು ಕೋಣೆಯ ತುಂಬ ಇರುವುದರಿಂದ ಹಿಂದಿನ ಹಳಿಗೆ ಕೈ ಎಟುಕುವುದಿಲ್ಲ. ಅದಕ್ಕೇ ಅತ್ತೆ ಮೇಜಿನ ನಡುವೆ ಚೌಕವಾಗಿ ಕೊರೆದು ಒಂದು ಮುಚ್ಚಳ ಕೂರಿಸಿದ್ದಾರೆ. ಮೇಲೆ ಹುಲ್ಲು ಇರುವುದರಿಂದ ಕಾಣುವುದಿಲ್ಲ. ರೈಲು ಹಳಿ ತಪ್ಪಿದರೆ ಮೇಜಿನಡಿ ತೆವಳಿ ಹೋಗಿ, ತಲೆಯಿಂದ ಮುಚ್ಚಳ ಎತ್ತಿ, ಊರ ನಡುವೆ ಎದ್ದು ನಿಲ್ಲುತ್ತಾರೆ.

ನನ್ನ ಜಾರುಬಂಡಿಯ ಏಣಿ ಮುಚ್ಚಳದ ಮೇಲಿದೆ, ಕೆಳತುದಿ ಮುಚ್ಚಳದಾಚೆ. ಎರಡೂ ಕಡೆ ಅಂಟು. ಇನ್ನು ಮುಚ್ಚಳ ಎತ್ತಿದರೆ ಜಾರುಬಂಡಿ ಎರಡು ಹೋಳು.

ಗೊತ್ತಾಗದೆ ಆದದ್ದು. (ನಂಬಿ. ನಂಬದಿದ್ದರೆ ಕಥೆ ಮುಂದೆ ಹೋಗುವುದಿಲ್ಲ.)

೪
ಒಂದು ಡ್ರಾಫ್ಟಿನಲ್ಲಿ ಅತ್ತೆಗೆ ಮಂಡಿನೋವು ಬರಿಸಿದೆ, ಮೇಜಿನಡಿ ಹೋಗದಿರಲಿ ಎಂದು. ಕಥೆಯೊಳಗಿನ ಅತ್ತೆ ಒಪ್ಪಲಿಲ್ಲ.

“ನನ್ನ ಮಂಡಿ ಚೆನ್ನಾಗೇ ಇದೆ ಕಣೇ. ನಿನಗೆ ಬಾಯಿ ಬಿಡೋಕೆ ಧೈರ್ಯ ಇಲ್ಲ ಅಂತ ನನ್ನ ಕಾಲು ಯಾಕೆ ಮುರೀತೀಯ?”

ಅಳಿಸಿದೆ.

ಅಂತ್ಯ ಅ: ರೈಲು ಹಳಿ ತಪ್ಪುವುದೇ ಇಲ್ಲ.
ಅಂತ್ಯ ಆ: ಅಂಟು ಕಳಪೆಯದು, ತಾನಾಗಿಯೇ ಬಿಟ್ಟುಕೊಳ್ಳುತ್ತದೆ.
ಅಂತ್ಯ ಇ: ಬರೆಯುವಷ್ಟರಲ್ಲಿ ಭಾನುವಾರ ಬಂದುಬಿಟ್ಟಿತು.

೫
ಹತ್ತೂವರೆ. ಗೆಳೆಯರು ಬರುವ ಮೊದಲು ಒಂದು ಟ್ರಯಲ್ ಎಂದರು ಅತ್ತೆ. ಗೂಡ್ಸ್ ರೈಲು ಸುರಂಗದಿಂದ ಆಚೆ ಬಂದು, ಗುಡ್ಡದ ಹಿಂದೆ ಟಪ್ಪೆಂದು ಮಗುಚಿತು. ಅತ್ತೆ ಕನ್ನಡಕವನ್ನು ನನ್ನ ಕೈಗಿತ್ತು ಮೇಜಿನಡಿ ತೂರಿದರು. ಈಗ ಅವರ ಎರಡು ಅಂಗಾಲು ಮಾತ್ರ ಕಾಣುತ್ತಿವೆ.

ಕಥೆಯನ್ನು ಇಲ್ಲಿ ನಿಲ್ಲಿಸಬಹುದು. ನಿಲ್ಲಿಸಿಯೂ ನೋಡಿದೆ. ಅತ್ತೆ ನಿಲ್ಲಲಿಲ್ಲ.

“ಇದೇನೇ, ಮುಚ್ಚಳ ಇಷ್ಟು ಬಿಗಿಯಾಗಿದೆ?” ಅಡಿಯಿಂದ ದನಿ ಬಂತು. ಮೇಲೆ ಉಯ್ಯಾಲೆ ತಾನೇ ಅಲ್ಲಾಡಿತು. “ತೇವಕ್ಕೆ ಹಲಗೆ ಉಬ್ಬಿದೆಯೇನೋ. ಜೋರಾಗಿ ತಳ್ತೀನಿ ತಾಳು.”

ಇದಕ್ಕಿಂತ ಒಳ್ಳೆಯ ನೆಪವನ್ನು ನಾನು ಹತ್ತು ಡ್ರಾಫ್ಟಿನಲ್ಲೂ ಕಟ್ಟಲಾರೆ. ಹೂಂ ಎಂದರೆ ಸಾಕು, ತಪ್ಪೆಲ್ಲ ಹಲಗೆಯದು. ಜಾರುಬಂಡಿ ಒಡೆಯುತ್ತದೆ, ಅತ್ತೆ ನನ್ನನ್ನೇ ಸಮಾಧಾನ ಮಾಡುತ್ತಾರೆ. (ಓದುಗರೇ, ನೀವಾದರೂ ಕೆಮ್ಮಬಾರದೇ?)

“ತಳ್ಳಬೇಡಿ ಅತ್ತೆ. ಅಂಟು ಹಾಕಿದೀನಿ, ನಾನೇ.”

ಅಂಗಾಲುಗಳು ಸುಮ್ಮನಾದವು. “ಗೊತ್ತಾಗದೆ ಆಗಿರುತ್ತೆ, ಬಿಡು.”

ಓದುಗರೇ, ನಿಮಗೂ ಹಾಗೇ ಹೇಳಿದ್ದೆನಲ್ಲ.

“ಇಲ್ಲ ಅತ್ತೆ. ಅಂಟು ಹಸಿ ಇರುವಾಗಲೇ ನೋಡಿದೆ, ಜಾರುಬಂಡಿ ಮುಚ್ಚಳ ದಾಟಿದ್ದನ್ನ. ಅಷ್ಟು ಚೆನ್ನಾಗಿ ಕಾಣ್ತಿತ್ತು, ಕೀಳೋಕೆ ಮನಸ್ಸು ಬರಲಿಲ್ಲ.”